ಸರ್ಕಾರದ ಟ್ಯಾಂಕು ಊರಿನದಾದದ್ದು

"ಮುಟ್ಬ್ಯಾಡ ಕಣೇ ಮುಂಡೆ! ತೆಗಿ ಕೈನ! ಇವತ್ತಿಂದ ಅದು ಸಾರ್ವಜನಿಕರದ್ದು!"

ಪುರಸಭೆಯ ಮೇಸ್ತ್ರಿ ರಂಗಸ್ವಾಮಿ ಹೀಗೆ ಅರಚುತ್ತ ಲಾರಿಯಿಂದ ಧುಮುಕಿದಾಗ ಚೌಡಮ್ಮನ ಕೊಡ ಮುಕ್ಕಾಲು ತುಂಬಿತ್ತು. ಅವಳು ನಲ್ಲಿ ನಿಲ್ಲಿಸುವಷ್ಟರಲ್ಲಿ ಅವನು ಬಂದು ಕೊಡಕ್ಕೆ ಒದ್ದ. ಮಣ್ಣಿನ ಕೊಡ, ಒಂದೇ ಏಟಿಗೆ ಹೋಳಾಯಿತು. ಒದ್ದಮೇಲೆ ತನ್ನ ಕಾಲು ಮೈಲಿಗೆಯಾಯಿತಲ್ಲ ಎಂದು ಅವನಿಗೆ ಹೊಳೆಯಿತು. ಅದೇ ನಲ್ಲಿಯ ಕೆಳಗೆ ಕಾಲು ಹಿಡಿದು, ಬೆರಳಸಂದಿಯನ್ನೂ ಬಿಡದೆ ತೊಳೆದುಕೊಂಡ.

"ನೆನ್ನೆಗಂಟ ಹಿಡೀತಿದ್ವಲ್ಲ ಅಯ್ಯಾ," ಎಂದಳು ಚೌಡಮ್ಮ.

"ನೆನ್ನೆಗಂಟ ಸರ್ಕಾರದ್ದಾಗಿತ್ತು. ಸರ್ಕಾರದ್ದು ಅಂದ್ರೆ ಯಾರಪ್ಪಂದೂ ಅಲ್ಲ, ನಾಯಿ ನರಿ ಎಲ್ಲಾ ಕುಡುದ್ವು. ಈಗ ನಮ್ ಪುರಸಭೆ ಕೊಂಡ್ಕಂಡೈತೆ. ಜನಗಳ ಉಪಯೋಗಕ್ಕೆ."

"ನಾವೂ ಜನ್ವೇ ಅಲ್ವಾ?"

ರಂಗಸ್ವಾಮಿ ಯೋಚನೆಗೆ ಬಿದ್ದ. ಹಾಗೆ ನೋಡಿದರೆ ಅನ್ಯಾಯದ ಮಾತಾಡುವ ಮನುಷ್ಯನಲ್ಲ ಅವನು. ಟ್ಯಾಂಕನ್ನು ನೋಡಿದ, ಹಿಂದಿನ ತಗಡಿನ ಲೈನನ್ನು ನೋಡಿದ, ಚೌಡಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀವು ಲೈನಿನೋರು," ಎಂದ.

ದೋಣಿಗಲ್ಲಿನಲ್ಲಿ ಘಾಟಿ ರಸ್ತೆ ಅಗಲ ಮಾಡುವಾಗ ಇಲಾಖೆಯವರು ಅಲ್ಲೊಂದು ಕ್ಯಾಂಪು ಹಾಕಿದ್ದರು. ಸಾಹೇಬರಿಗೆ ಡೇರೆ, ಕಲ್ಲು ಒಡೆಯುವ ಕೂಲಿಗಳಿಗೆ ತಗಡಿನ ಲೈನು, ಎಲ್ಲರಿಗೂ ಸೇರಿ ಒಂದು ದೊಡ್ಡ ಕಬ್ಬಿಣದ ಟ್ಯಾಂಕು. ಮೇಲಿನ ಕಾಫಿ ತೋಟದೊಳಗಿನ ಒರತೆಯಿಂದ ಪೈಪು ಎಳೆದು ಅದಕ್ಕೆ ನೀರು ತಂದಿದ್ದರು. ರಸ್ತೆ ಮುಗಿಯಿತು, ಸಾಹೇಬರು ಹೋದರು, ಡೇರೆಗಳೂ ಹೋದವು. ಲೈನಿನವರು ಮಾತ್ರ ಹೋಗಲು ಜಾಗವಿಲ್ಲದೆ ಅಲ್ಲೇ ಉಳಿದು ಸುತ್ತಲ ಎಸ್ಟೇಟುಗಳಲ್ಲಿ ಕೂಲಿಗೆ ಬಿದ್ದರು. ಟ್ಯಾಂಕೂ ಉಳಿಯಿತು. ಕುಡಿಯಿರಿ ಎಂದು ಯಾರೂ ಹೇಳಲಿಲ್ಲ, ಕುಡಿಯಬೇಡಿ ಎಂದೂ ಯಾರೂ ಹೇಳಲಿಲ್ಲ. ಅದರ ಮೇಲಿನ ಬಾಯಿ ಬಹಳ ಕಿರಿದು. ಲೈನಿನಲ್ಲಿ ಅದರೊಳಗೆ ತೂರುವಷ್ಟು ಸಣ್ಣ ಮೈಯವಳು ಚೌಡಮ್ಮ ಒಬ್ಬಳೇ. ಮಳೆಗಾಲ ಕಳೆದ ಮೇಲೆ ಒಳಗಿಳಿದು, ತೆಂಗಿನ ನಾರಿಗೆ ಬೂದಿ ಹಚ್ಚಿ ಪಾಚಿ ಉಜ್ಜುವುದನ್ನು ಅವಳು ತನ್ನ ಮನೆಯ ಪಾತ್ರೆ ತಿಕ್ಕುವಷ್ಟೇ ಸಹಜವಾಗಿ ಮಾಡಿಕೊಂಡು ಬಂದಿದ್ದಳು.

ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷವಾಗಿತ್ತು. ತನ್ನ ಹತ್ತಿರ ಬೇಡದ ಸಾಮಾನು ಬಹಳ ಬಿದ್ದಿದೆ ಎಂದು ಸರ್ಕಾರಕ್ಕೆ ಅರಿವಾಗಿ, ಹೆಚ್ಚುವರಿ ವಸ್ತುಗಳನ್ನೆಲ್ಲ ಪಟ್ಟಣಗಳಿಗೆ ಅಲ್ಲಲ್ಲಿಯ ಸಾರ್ವಜನಿಕ ಉಪಯೋಗಕ್ಕಾಗಿ ಮಾರಿಬಿಡಿ ಎಂದು ಹುಕುಂ ಬಂತು. ಎಂಜಿನಿಯರರೊಬ್ಬರು ದೋಣಿಗಲ್ಲಿಗೆ ಬಂದು, ಟ್ಯಾಂಕನ್ನು ಬೆತ್ತದಲ್ಲಿ ತಟ್ಟಿ ನೋಡಿ, ಇದು ಹೆಚ್ಚುವರಿ ಎಂದರು. ಲೈನಿನವರೂ ಹೆಚ್ಚುವರಿಯೇ, ಆದರೆ ಅವರನ್ನು ಕೊಳ್ಳಲು ಯಾವ ಪುರಸಭೆಯೂ ಮುಂದೆ ಬರಲಿಲ್ಲ.

ಟ್ಯಾಂಕನ್ನು ಪುರಸಭೆ ಬಾಡಿಗೆಗೆ ಹಿಡಿದಿದ್ದ ಅಮೀರ್ ಜಾನನ ಲಾರಿಗೆ ಏರಿಸಲು ಪೇಟೆಯಿಂದ ಬಂದ ಆಳುಗಳ ಕೈ ಸಾಲಲಿಲ್ಲ. ಲೈನಿನವರನ್ನೇ ಕರೆದರು.

"ಮುಟ್ಬ್ಯಾಡಿ ಅಂದ್ರಲ್ಲ?" ಎಂದ ಚೌಡಮ್ಮನ ಗಂಡ ಕೆಂಚಯ್ಯ.

"ಹೊರಕ್ಕೆ ಮುಟ್ಬೌದು ಕಣೋ ಬೋಳಿಮಗನೆ. ಕುಡಿಯಕ್ಕೆ ಮುಟ್ಬಾರ್ದು. ಇಷ್ಟೂ ಗೊತ್ತಾಗಲ್ವಾ ನಿಂಗೆ?"

ಕೆಂಚಯ್ಯ ಹೆಗಲು ಕೊಟ್ಟ. ಉಳಿದವರೂ ಕೊಟ್ಟರು. ಅವರ ನೀರನ್ನು ಅವರೇ ಹೊತ್ತು ಲಾರಿಗೇರಿಸಿ, ಹಗ್ಗ ಬಿಗಿದು, ಹಿಂದಿನ ಚಕ್ರ ಹೂತುಕೊಂಡಾಗ ತಳ್ಳಿಯೂ ಕೊಟ್ಟರು. ಪೈಪುಗಳನ್ನು ಬಿಚ್ಚಿ ಅದರ ಮೇಲೆ ಹೇರಿದರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಹೆಂಗಸರು ಖಾಲಿ ಕೊಡ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಒರತೆಗೇ ಹೋಗೋಣವೆಂದು ತೋಟದ ಕಡೆ ಹತ್ತಿದರೆ ಅಲ್ಲಿ ಹೊಸದಾಗಿ ಮುಳ್ಳುತಂತಿ. ಆಚೆ ಬದಿಯಲ್ಲಿ ಶಾಂತಮಲ್ಲಪ್ಪನವರು ಖುದ್ದು ನಿಂತಿದ್ದರು. ತೋಟ ಅವರದು, ಪುರಸಭೆಯ ಅಧ್ಯಕ್ಷರೂ ಅವರೇ, ಟ್ಯಾಂಕನ್ನು ಕೊಳ್ಳಲೇಬೇಕು ಎಂದು ಸಭೆಯಲ್ಲಿ ಮೇಜು ಕುಟ್ಟಿದವರೂ ಅವರೇ.

"ಸರ್ಕಾರದ ಪೈಪು ಇರೋಗಂಟ ನಾನು ಬಾಯಿ ಮುಚ್ಕಂಡಿದ್ದೆ. ಈಗ ಪೈಪಿಲ್ಲ. ಒರತೆ ನನ್ನ ತೋಟದ್ದು. ಕಾಲಿಟ್ರೆ ಕಾಲು ಮುರೀತೀನಿ," ಎಂದರು. ಸಿಟ್ಟಿನಿಂದಲ್ಲ, ಹವಾಮಾನ ಹೇಳುವಷ್ಟು ತಣ್ಣಗೆ.

ಹೀಗಾಗಿ ಲೈನಿನವರು ಕೆಳಗಿನ ಹಳ್ಳಕ್ಕೆ ಇಳಿದರು. ಅದು ಕಾಫಿ ಕೊಯ್ಲಿನ ಕಾಲ. ಶಾಂತಮಲ್ಲಪ್ಪನವರ ಪಲ್ಪರ್ ಮನೆಯಲ್ಲಿ ಹಣ್ಣು ಸುಲಿದು ತೊಳೆದ ನೀರೆಲ್ಲ ಬರುವುದು ಅದೇ ಹಳ್ಳಕ್ಕೆ. ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿ, ಹಳಸಿದ ಹೆಂಡದ ವಾಸನೆ ಹೊಡೆಯುತ್ತಿತ್ತು. ಎತ್ತುಗಳೂ ಮೂತಿ ಇಟ್ಟು ಹಿಂದೆ ಸರಿಯುತ್ತಿದ್ದವು. ಲೈನಿನವರು ಬಟ್ಟೆಯಲ್ಲಿ ಸೋಸಿ ಕುಡಿದರು. ಮೊದಲು ಹೋದದ್ದು ಚೌಡಮ್ಮನ ಪಕ್ಕದ ಮನೆಯ ನಿಂಗಿಯ ಹಾಲುಗೂಸು. ಆಮೇಲೆ ಕೆಂಚಯ್ಯ ರಕ್ತಭೇದಿ ಹಿಡಿದು ಮಲಗಿದ.

ಪೇಟೆಯಲ್ಲಿ ಟ್ಯಾಂಕನ್ನು ಸಂತೆಮಾಳದ ಅಂಚಿಗೆ, ಕಲ್ಲುಕಂಬಗಳ ಮೇಲೆ ಕೂರಿಸಿದರು. ಹೊಳೆಯಿಂದ ಆಯಿಲ್ ಎಂಜಿನ್ನಿನಲ್ಲಿ ನೀರು ಹತ್ತಿಸಿ ನಲ್ಲಿ ತಿರುಗಿಸಿದರೆ ಮಜ್ಜಿಗೆಹುಳಿಯ ಬಣ್ಣದ ನೀರು ಬಂತು, ಅದರ ಹಿಂದೆ ಹಲ್ಲಿಯ ಬಾಲ ಬಂತು. ಹಲ್ಲಿ ಮಾತ್ರ ಒಳಗೇ ಉಳಿಯಿತು. ಒಳಗಿಳಿದು ಉಜ್ಜಲು ಪುರಸಭೆಯ ಜವಾನ ಕೃಷ್ಣಪ್ಪನನ್ನು ಹತ್ತಿಸಿದರು. ಕಾಲು ಹೋಯಿತು, ತೊಡೆ ಹೋಯಿತು, ಹೊಟ್ಟೆ ಸಿಕ್ಕಿಕೊಂಡಿತು. ಮೇಲೂ ಬಾರದೆ ಕೆಳಗೂ ಇಳಿಯದೆ ಅವನು ಸಂತೆಯ ಜನಕ್ಕೆಲ್ಲ ದರ್ಶನ ಕೊಡುತ್ತ ಕುಳಿತ. ಕೊನೆಗೆ ಸುತ್ತಲೂ ಹರಳೆಣ್ಣೆ ಹೊಯ್ದು ಎಳೆದಾಗ ಮನುಷ್ಯ ಬಂದ, ಪಂಚೆ ಟ್ಯಾಂಕಿನ ಪಾಲಾಯಿತು.

ಆಗ ರಂಗಸ್ವಾಮಿಗೆ ದೋಣಿಗಲ್ಲಿನ ಸಣ್ಣ ಹೆಂಗಸಿನ ನೆನಪಾಯಿತು.

ಕರೆದುತರಲು ಅಮೀರ್ ಜಾನನೇ ಹೋದ. ಯಸಳೂರಿನಿಂದ ಮೆಣಸು ಹೇರಿಕೊಂಡು ಬರುವ ದಾರಿಯಲ್ಲಿ ಲೈನಿನ ಮುಂದೆ ಹಾರನ್ ಬಾರಿಸಿದ. ಚೌಡಮ್ಮ ಮೆಣಸಿನ ಮೂಟೆಗಳ ಮೇಲೆ ಕುಳಿತು ಪೇಟೆಗೆ ಬಂದಳು. ಮೆಣಸು ಕೊಯ್ಯಲು ಗೆಣ್ಣಿನ ಮೇಲೆ ಕಾಲಿಟ್ಟು ಹತ್ತುವ ಒಂಟಿ ಬಿದಿರಿನ ಏಣಿಯನ್ನು ಟ್ಯಾಂಕಿನ ಬಾಯೊಳಗೆ ಇಳಿಬಿಟ್ಟರು. ಅವಳು ಉಸಿರು ಬಿಗಿಹಿಡಿದು ತೂರಿ, ಒಳಗಿಳಿದು, ಹಲ್ಲಿಯನ್ನೂ ಪಂಚೆಯನ್ನೂ ಮೇಲಕ್ಕೆಸೆದು, ಸಂಜೆಯವರೆಗೆ ಉಜ್ಜಿದಳು. ಕೊನೆಗೆ ತೊಳೆಯಲು ಬಿಟ್ಟ ನೀರನ್ನು ಬೊಗಸೆಯಲ್ಲಿ ಹಿಡಿದು ಹೊಟ್ಟೆ ತುಂಬ ಕುಡಿದಳು. ಮುಖ ತೊಳೆದಳು. ಯಾರೂ ಏನೂ ಅನ್ನಲಿಲ್ಲ.

ಹೊರಗೆ ಬಂದು, ಕೆಂಚಯ್ಯನಿಗೆಂದು ತಂದಿದ್ದ ತಂಬಿಗೆಯನ್ನು ನಲ್ಲಿಗೆ ಹಿಡಿದಳು. ಕಲ್ಲು ಬಂದು ಬೆನ್ನಿಗೆ ಬಿತ್ತು.

"ಎಷ್ಟು ಕೊಬ್ಬೇ ನಿಂಗೆ! ಊರ ನಲ್ಲಿ ಮುಟ್ತೀಯಾ?"

"ಒಳಗೇ ಇದ್ನಲ್ಲ ಅಯ್ಯಾ ಬೆಳಗಿಂದ?"

"ಒಳಗೆ ಇದ್ದಿದ್ದು ಕೆಲ್ಸಕ್ಕೆ!" ಎಂದ ರಂಗಸ್ವಾಮಿ.

ಹೊಲತಿ ಒಳಗಿಳಿದ ಟ್ಯಾಂಕಿನ ನೀರನ್ನು ಕುಡಿಯುವುದು ಹೇಗೆ? ಜೋಯಿಸರು ಬಂದು ಶುದ್ಧಿ ಮಾಡಿದರು. ಗಂಜಲ, ಹಾಲು, ತುಪ್ಪ, ಅರಿಸಿನ, ಒಂದು ಬುಟ್ಟಿ ಹೂವು, ಎಲ್ಲವನ್ನೂ ಮಂತ್ರ ಹೇಳುತ್ತ ಬಾಯೊಳಗೆ ಸುರಿದರು. ಟ್ಯಾಂಕು ಶುದ್ಧವಾಯಿತು. ವಾರ ಕಳೆಯುವುದರೊಳಗೆ ಹಾಲು ಒಡೆದು, ಹೂವು ಕೊಳೆತು, ಊರ ದನದ ಕೊಟ್ಟಿಗೆಯೆಲ್ಲ ನಾಚುವಂಥ ನಾತ ಎದ್ದಿತು. ಮತ್ತೆ ಚೌಡಮ್ಮನಿಗೆ ಹೇಳಿಕಳಿಸಿದರು. ಅವಳು ಇಳಿದು ಉಜ್ಜಿದಳು. ಅವಳು ಇಳಿದದ್ದರಿಂದ ಜೋಯಿಸರು ಮತ್ತೆ ಶುದ್ಧಿ ಮಾಡಿದರು. ಶುದ್ಧಿ ಮಾಡಿದ್ದರಿಂದ ಅದು ಮತ್ತೆ ನಾರಿತು. ಈ ಲೆಕ್ಕ ಎಲ್ಲಿ ಮುಗಿಯುತ್ತದೆಂದು ಪೇಟೆಯಲ್ಲಿ ಯಾರೂ ಕೇಳಲಿಲ್ಲ. ಜೋಯಿಸರಂತೂ ಕೇಳಲೇ ಇಲ್ಲ.

ಒಂದು ದಿನ ಪೇಟೆಯಲ್ಲಿ ಅವಳು ಲಾರಿ ಇಳಿಯುವಾಗ ಅಮೀರ್ ಜಾನ್ ಕೇಳಿದ, "ಚೌಡವ್ವ, ನಿಮ್ ಪೈಪ್ ಎಲ್ಲಿದಾವೆ ಗೊತ್ತೇನು?"

"ಟ್ಯಾಂಕಿ ಜೊತೆ ಪ್ಯಾಟೆಗೆ ಬಂದ್ವಲ್ಲ."

"ಪ್ಯಾಟೆಗೆ ಬಂದಿದ್ದು ಟ್ಯಾಂಕಿ. ಪೈಪ್ನ ನಾನೇ ನನ್ ಕೈಯಾರೆ ಸಾವ್ಕಾರ್ರ ಪಲ್ಪರ್ ಮನೆ ತಾವ ಇಳಿಸ್ದೆ. ಒರತೆ ನೀರು ಈಗ ಅಲ್ಲಿಗೇ ಬೀಳ್ತೈತೆ. ಬಾಡಿಗೆ ಲಾರಿಯೋನು ನಾನು, ಹೇರು ಅಂದ್ರೆ ಹೇರ್ತೀನಿ, ಇಳಿಸು ಅಂದ್ರೆ ಇಳಿಸ್ತೀನಿ. ಆದ್ರೂ ನಿಂಗೆ ಹೇಳ್ಬೇಕು ಅನ್ನಿಸ್ತು, ಮಾರಾಯ್ತಿ."

ಚೌಡಮ್ಮ ಅಂದು ಲೈನಿಗೆ ಮರಳುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹಾಗಾದರೆ ಹಳ್ಳದಲ್ಲಿ ತಾವು ಕುಡಿಯುತ್ತಿರುವುದೂ ಅದೇ ಒರತೆಯ ನೀರೇ. ಮೊದಲು ಕಾಫಿ ಹಣ್ಣಿಗೆ ಕುಡಿಸಿ, ಅದು ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ಲೈನಿಗೆ. ನಿಂಗಿಯ ಕೂಸು ಕುಡಿದದ್ದು ಅದನ್ನೇ.

ಮರುದಿನ ಶಾಂತಮಲ್ಲಪ್ಪನವರು ಸಂತೆಮಾಳಕ್ಕೆ ಬಂದಾಗ ಅವಳು ದೂರದಲ್ಲಿ ನೆಲಕ್ಕೆ ಹಣೆಯಿಟ್ಟು, "ಬುದ್ಧೀ, ಆ ಪೈಪು ಲೈನಿಗೆ ಹಾಕ್ಸಿಕೊಡಿ ಬುದ್ಧೀ, ನನ್ ಗಂಡ ಸಾಯ್ತಾವ್ನೆ," ಎಂದಳು.

ಅವರು ಟ್ಯಾಂಕಿನ ಕಂಬಕ್ಕೆ ಸುಣ್ಣ ಬಳಿಯುವುದನ್ನು ನೋಡುತ್ತಿದ್ದರು. "ಪೈಪೂ ಪುರಸಭೆ ಕೊಂಡಿದ್ದು ಕಣೇ. ಸಾರ್ವಜನಿಕರ ಸ್ವತ್ತು. ನಾನ್ ಹೆಂಗೆ ಕೊಡ್ಲಿ? ನಾಳೆ ಯಾರಾದ್ರೂ ಕೇಳಿದ್ರೆ ನನ್ ಮಾನ ಹೋಗಲ್ವಾ?"

ಟ್ಯಾಂಕಿನ ಉದ್ಘಾಟನೆಗೆ ಹಾಸನದಿಂದ ದೊಡ್ಡ ಸಾಹೇಬರು ಬರುವುದೆಂದು ಗೊತ್ತಾಯಿತು. ಆ ದಿನ ಬೆಳಗ್ಗೆ ಚೌಡಮ್ಮನನ್ನು ಕೊನೆಯ ಸಲ ಇಳಿಸಿದರು. ಹೊರಡುವಾಗ ಅವಳು ಕೆಂಚಯ್ಯನ ಬಾಯಿಗೆ ಹಳ್ಳದ ನೀರು ಹಿಡಿದಿದ್ದಳು. ಅವನು ಮೂಸಿ ನೋಡಿ, ಗೋಡೆಯ ಕಡೆ ಹೊರಳಿಕೊಂಡಿದ್ದ. ಅದು ಅವಳ ಕಣ್ಣ ಮುಂದೆಯೇ ಇತ್ತು. ಉಜ್ಜಿದಳು, ತೊಳೆದಳು, ಏಣಿಯ ಬುಡದಲ್ಲಿ ನಿಂತಳು.

"ಆಯ್ತೇನೇ?" ಮೇಲೆ ರಂಗಸ್ವಾಮಿಯ ಮುಖ ಕಂಡಿತು.

"ಆಯ್ತು."

"ಹಂಗಾದ್ರೆ ಹತ್ತು ಮ್ಯಾಕೆ. ಜೋಯಿಸರು ಕಾಯ್ತಾವ್ರೆ."

"ಹತ್ತಲ್ಲ."

ಟ್ಯಾಂಕಿನೊಳಗೆ ಆಡಿದ ಮಾತು ಸುತ್ತಿ ಸುತ್ತಿ ದೊಡ್ಡದಾಯಿತು. ಇಷ್ಟು ದೊಡ್ಡ ದನಿ ತನಗಿದೆಯೆಂದು ಚೌಡಮ್ಮನಿಗೇ ಗೊತ್ತಿರಲಿಲ್ಲ. ಇನ್ನೊಂದು ಸಲ ಹೇಳಿದಳು, "ಹತ್ತಲ್ಲ."

ಶಾಂತಮಲ್ಲಪ್ಪನವರೇ ಜರಿ ಪೇಟ ಹಿಡಿದುಕೊಂಡು ಹೊರಗಿನ ಏಣಿ ಹತ್ತಿ ಬಂದರು. "ಏನೇ ನಿನ್ ರಾಗ?"

"ಪೈಪು ಬುದ್ಧಿ. ಸಾಯೇಬ್ರ ಮುಂದೆ, ಜನದ ಮುಂದೆ, ದೋಣಿಗಲ್ ಲೈನಿಗೆ ನೀರು ಬುಡ್ತೀನಿ ಅಂತ ಒಂದ್ ಮಾತು ಆಡಿ. ಆ ಮಾತು ಕಿವಿಗ್ ಬಿದ್ದೇಟ್ಗೆ ಎದ್ ಬತ್ತೀನಿ."

"ಈಗ ಬಾ. ಆಮೇಲೆ ಆಡ್ತೀನಿ."

"ಆಮ್ಯಾಕೆ ಆಡೋರ್ನ ಬೇಕಾದಷ್ಟು ನೋಡಿವ್ನಿ. ಆಡ್ನಿಲ್ಲ ಅಂದ್ರೆ ನಾನಿಲ್ಲೇ ಇರ್ತೀನಿ. ನನ್ ಮೈ ತೊಳ್ದ ನೀರು ಕುಡೀರಿ."

"ಎಳೀರೋ ಅವಳ್ನ!" ಎಂದು ಅವರು ಕಿರುಚಿದರು. ಎಳೆಯುವವರು ಯಾರು? ಕೃಷ್ಣಪ್ಪ ತನ್ನ ಹೊಟ್ಟೆ ನೋಡಿಕೊಂಡ. ಮುಟ್ಟಿದವರು ಸ್ನಾನ ಮಾಡಬೇಕು, ಸಾಹೇಬರ ಮುಂದೆ ಒದ್ದೆ ಬಟ್ಟೆಯಲ್ಲಿ ನಿಲ್ಲುವುದಾಗುತ್ತದೆಯೇ ಎಂದು ಉಳಿದವರು ಹಿಂದೆ ಸರಿದರು.

"ಸಾಬ್ರೇ, ನೀವ್ ಎಳೀರಿ. ನಿಮಗ್ಯಾವ ಮೈಲಿಗೆ?"

"ನನ್ ಹೊಟ್ಟೆ ನೋಡಿದೀರಾ ಸಾವ್ಕಾರ್ರೇ? ಇದ್ರ ಮುಂದೆ ಕೃಷ್ಣಪ್ಪಂದು ಹಸುಗೂಸು," ಎಂದು ಅಮೀರ್ ಜಾನ್ ಬೀಡಿ ಹಚ್ಚಿದ.

ಉಪಾಯ ಹೊಳೆದದ್ದು ರಂಗಸ್ವಾಮಿಗೆ. "ನೀರು ಬುಟ್ರೆ, ಬಿಲದಿಂದ ಇಲಿ ಬಂದಂಗೆ ಬತ್ತಾಳೆ ಬುದ್ಧಿ."

ಹೊಳೆಯ ಹತ್ತಿರ ಎಂಜಿನ್ನು ಡುಗುಡುಗು ಎಂದಿತು. ನೀರು ಮೇಲಿಂದ ಚೌಡಮ್ಮನ ನೆತ್ತಿಗೇ ಬಿತ್ತು. ಪಾದ ಮುಳುಗಿತು, ಮೊಣಕಾಲು ಮುಳುಗಿತು, ಸೊಂಟಕ್ಕೆ ಬಂದಾಗ ಚಳಿಗೆ ಹಲ್ಲು ಕಟಕಟಿಸಿತು. ಹೆದರಿಕೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ಏಣಿ ಕೈಯಲ್ಲೇ ಇತ್ತು, ನಾಲ್ಕು ಗೆಣ್ಣು ಹತ್ತಿದರೆ ಬಿಸಿಲು. ಅವಳು ಏಣಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತಳು. ನೀರು ಎದೆ ದಾಟಿ ಕುತ್ತಿಗೆಗೆ ಬಂತು. ಅಷ್ಟರಲ್ಲಿ ಜೀಪಿನ ಹಾರನ್ ಕೇಳಿಸಿತು.

"ನಿಲ್ಸೋ, ನಿಲ್ಸೋ! ಬಂದ್ರು!" ಎಂಜಿನ್ನು ನಿಂತಿತು. ಯಾರೋ ಏಣಿಯ ತುದಿಯನ್ನು ಒಳಕ್ಕೆ ತಳ್ಳಿ, ಟ್ಯಾಂಕಿನ ಬಾಯಿಗೆ ಬಾಳೆಲೆ ಮುಚ್ಚಿ, ಮೇಲೊಂದು ಹೂವಿನ ಹಾರ ಹಾಕಿದರು. ಒಳಗೆಲ್ಲ ಹಸಿರು ಬೆಳಕಾಯಿತು.

ಚೌಡಮ್ಮ ಕಬ್ಬಿಣಕ್ಕೆ ಕಿವಿಯಿಟ್ಟಳು. ವಾಲಗ ನಿಂತಿತು. ಸಾಹೇಬರು ಮಾತಾಡಿದರು. ಇಂದಿನಿಂದ ಈ ನೀರನ್ನು ಯಾವ ಜಾತಿಯವರು ಮುಟ್ಟಿದರೂ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ, ಕಾನೂನೇ ಆಗಿದೆ ಎಂದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಚೌಡಮ್ಮನೂ ಕೈಯೆತ್ತಿ ಕಬ್ಬಿಣದ ಮೇಲೆ ತಟ್ಟಿದಳು.

"ಅದೇನು ಸದ್ದು?" ಎಂದರು ಸಾಹೇಬರು.

"ಬಿಸಿಲಿಗೆ ಕಬ್ಬಿಣ ಹಿಗ್ತೈತೆ ಸಾರ್," ಎಂದ ರಂಗಸ್ವಾಮಿ.

ಆಮೇಲೆ ಶಾಂತಮಲ್ಲಪ್ಪನವರು ಎದ್ದರು. ಸಾಹೇಬರನ್ನು ಹೊಗಳಿದರು, ಸರ್ಕಾರವನ್ನು ಹೊಗಳಿದರು, ಹೂವು ಕಳಿಸಿದ ಬೆಳಗೋಡಿನವರನ್ನು, ಬಾಳೆಕಂಬ ಕಳಿಸಿದ ಯಸಳೂರಿನವರನ್ನು ನೆನೆದರು. ಆಯಿಲ್ ಎಂಜಿನ್ನಿಗೂ ವಂದನೆ ಹೇಳಿದರು. ಚೌಡಮ್ಮ ಉಸಿರು ಹಿಡಿದು ಕಾಯುತ್ತಲೇ ಇದ್ದಳು. ದೋಣಿಗಲ್ ಎನ್ನುವುದು ಎಷ್ಟು ಸಣ್ಣ ಮಾತು. ಈಗ ಬರುತ್ತದೆ, ಇನ್ನೊಂದು ಉಸಿರಿಗೆ ಬರುತ್ತದೆ ಎಂದುಕೊಂಡಳು. ಭಾಷಣ ಮುಗಿಯಿತು.

"ಅಧ್ಯಕ್ಷರೇ, ಮೊದಲ ಲೋಟ ನೀವೇ ಕುಡಿಯಬೇಕು," ಎಂದರು ಸಾಹೇಬರು.

ನಲ್ಲಿ ಹರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅವರು ಕುಡಿಯುವುದಿಲ್ಲ ಎಂದು ಚೌಡಮ್ಮನಿಗೆ ಖಾತ್ರಿಯಿತ್ತು. ಹುಟ್ಟಿದಾರಭ್ಯ ಅವಳು ನೋಡಿದ್ದು ಅದನ್ನೇ, ಅವಳ ನೆರಳು ಬಿದ್ದರೆ ಅನ್ನ ಚೆಲ್ಲುವವರು. ಒರತೆಯನ್ನು ಬಿಟ್ಟಾರು, ಮಡಿಯನ್ನು ಬಿಟ್ಟಾರೆಯೇ? ಅವಳು ಇನ್ನೊಮ್ಮೆ ಕಬ್ಬಿಣ ಬಡಿದಳು. ನಾನಿಲ್ಲೇ ಇದ್ದೀನಿ, ಮರೀಬೇಡಿ.

ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕುಡಿದಿದ್ದರು, ಲೋಟದ ತಳ ಕಾಣುವಂತೆ.

ಚೌಡಮ್ಮನಿಗೆ ಮೊದಲು ನಂಬಲಾಗಲಿಲ್ಲ. ಆಮೇಲೆ ನಗು ಬಂತು. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಬಂದದ್ದು ಸಿಟ್ಟು. ಇದೇ ಮಡಿಗೆ ಹೆದರಿ ಅವಳ ತಾಯಿ ಬದುಕೆಲ್ಲ ದಾರಿ ಬಿಟ್ಟು ಮುಳ್ಳಿನಲ್ಲಿ ನಡೆದಿದ್ದಳು. ಒಂದು ಬೆರಳು ದಪ್ಪದ ಒರತೆ ಕೈಬಿಡದಿರಲು ಆ ಮಡಿಯನ್ನೇ ಗಟಗಟ ಕುಡಿದುಬಿಡಬಹುದಾಗಿತ್ತು.

"ಜೋಯಿಸರು ಕುಡಿಯಲಿಲ್ಲವೇ?" ಸಾಹೇಬರ ದನಿ.

"ಇವತ್ತು ಏಕಾದಶಿ ಮಹಾಸ್ವಾಮಿ."

"ಏಕಾದಶಿಗೆ ಊಟ ಇಲ್ಲ, ನೀರಿಗೇನು ಅಡ್ಡಿ? ಕುಡಿಯಿರಿ, ಕುಡಿಯಿರಿ."

ಜೋಯಿಸರು ಬಹಳ ಉದ್ದದ ಮಂತ್ರವೊಂದನ್ನು ಹೇಳಿ ಕುಡಿದರು. ಆಮೇಲೆ ಕೊಡಗಳ ಸಾಲು. ಏನೂ ತಿಳಿಯದ ಪೇಟೆಯ ಹೆಂಗಸರು ಒಬ್ಬರಾದ ಮೇಲೊಬ್ಬರು ತುಂಬಿಕೊಂಡು ಹೋದರು. ಚೌಡಮ್ಮನ ಕುತ್ತಿಗೆಯಿಂದ ನೀರು ಎದೆಗಿಳಿಯಿತು, ಎದೆಯಿಂದ ಸೊಂಟಕ್ಕೆ. ಅವಳು ಜಡೆ ಬಿಚ್ಚಿ ತಲೆ ತೊಳೆದುಕೊಂಡಳು. ಬೆಳಗಿನಿಂದ ಬೆನ್ನಿಗೆ ಅಂಟಿದ್ದ ತುಕ್ಕನ್ನು ಉಜ್ಜಿ ತೆಗೆದಳು. ಮೊಣಕಾಲಿಗೆ ಇಳಿಯಿತು, ಹಿಮ್ಮಡಿಗೆ ಇಳಿಯಿತು. ಕೊನೆಗೆ ನಲ್ಲಿ ಗೊರಗೊರ ಎಂದು ನಿಂತಿತು.

ಬಾಳೆಲೆ ಸರಿಯಿತು. ರಂಗಸ್ವಾಮಿಯ ಮುಖ ಬೂದಿ ಬಳಿದಂತೆ ಆಗಿತ್ತು. ಅವನ ಮೀಸೆಯಲ್ಲಿ ಇನ್ನೂ ನೀರಿತ್ತು.

"ಸಾಯೇಬ್ರು ಹೋದ್ರು ಕಣೇ. ಎದ್ ಬಾ. ಯಾರ್ಗೂ ಹೇಳ್ಬ್ಯಾಡ. ನಾನೂ ಕುಡ್ದುಬುಟ್ಟೆ, ನನ್ ಹೆಂಡ್ರು ಮಕ್ಳೂ ಕುಡ್ದವ್ರೆ. ನಿನ್ ಕಾಲಿಗ್ ಬೀಳ್ತೀನಿ, ಎದ್ ಬಾ ತಾಯಿ."

ಹುಟ್ಟಿದ ಮೇಲೆ ಮೇಲ್ಜಾತಿಯವರೊಬ್ಬರು ಅವಳನ್ನು ತಾಯಿ ಎಂದದ್ದು ಅದೇ ಮೊದಲು. ಚೌಡಮ್ಮ ಸೆರಗು ಹಿಂಡಿದಳು. ಏಣಿಯನ್ನು ಗೋಡೆಯಿಂದ ತೆಗೆದು ಅಡ್ಡಕ್ಕೆ ಮಲಗಿಸಿದಳು. ತಣ್ಣನೆಯ ಕಬ್ಬಿಣಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಳು. ಹೊರಗೆ ನೀರು ಸಿಗದೆ ಉಳಿದ ಹೆಂಗಸರು ಖಾಲಿ ಕೊಡ ಬಡಿಯುತ್ತ ಮೇಸ್ತ್ರಿಯನ್ನು ಕೂಗುತ್ತಿದ್ದರು.

"ನೀರು ಬುಡು ರಂಗಸ್ವಾಮಿ," ಎಂದಳು. "ಜನ ಕಾಯ್ತಾವ್ರೆ."